ಬಲಗಿವಿ

ಆರನೇ ವಾರ ಕುತ್ತಿಗೆಯ ಬುಡದಲ್ಲಿ
ಆರು ಗುಡ್ಡ ಏಳುತ್ತವಂತೆ, ಸಾಸಿವೆಗಿಂತ ಸಣ್ಣವು.
ಕೂಡಿಕೊಂಡು, ಮಡಚಿಕೊಂಡು,
ಮೆಲ್ಲಗೆ ಮೇಲೆ ಹತ್ತಿ
ಕಣ್ಣಿನ ಮಟ್ಟಕ್ಕೆ ಬಂದು ಕಿವಿಯಾಗುತ್ತವಂತೆ.

ನನ್ನ ವಿಲ್ಮರನ ಬಲಗಡೆ
ಯಾವುದೋ ತಿರುವಿನಲ್ಲಿ ಅವು ಕೂತುಬಿಟ್ಟವು.
ಉಳಿದದ್ದು ಕಡಲೆಯಷ್ಟು ತೊಗಲು.

ಏರು ಹತ್ತದೆ ಕೀಟೋದಲ್ಲಿ ಯಾವ ಮನೆಯೂ ಸಿಕ್ಕದು.
ಆ ವಾರ ನಾನು ಏನು ಹೊತ್ತೆ? ಗ್ಯಾಸ್ ಸಿಲಿಂಡರ್?
ನೆಗಡಿಗೆ ಯಾವ ಮಾತ್ರೆ ನುಂಗಿದೆ?
ಬಸಿರೆಂದೇ ಗೊತ್ತಿರದ ವಾರ ಅದು.
ಅತ್ತೆ ಪಿಚಿಂಚಾ ಬೆಟ್ಟದ ಗಾಳಿಯನ್ನು ಬೈದಳು.
ಡಾಕ್ಟರಮ್ಮ ಸೆವಾಯೋಸ್ ಮಾತ್ರ ಕನ್ನಡಕ ತೆಗೆದು
"ಯಾಕೆಂದು ಗೊತ್ತಿಲ್ಲ" ಅಂದರು.
ಒಂಬತ್ತು ವರ್ಷದಲ್ಲಿ ನಾನು ನಿದ್ದೆ ಮಾಡಿದ್ದು ಅವತ್ತು.

ಎಕ್ಸ್‌ರೇ ಹಾಳೆಯ ಮೇಲೆ ಎಡಗಿವಿಯ ಗೆರೆ ಎಳೆದು
ಮಗುಚಿ ಹಾಕಿದರು: ಇಗೋ, ಬಲಗಿವಿ.
ಪಕ್ಕೆಯ ಮೆದುಮೂಳೆ ತೆಗೆದು ಕೆತ್ತುವುದಂತೆ.
ಕಲಿಯುವಾಗ ಆಲೂಗಡ್ಡೆಯಲ್ಲಿ ಕೆತ್ತುತ್ತಿದ್ದರಂತೆ,
ಸಂಜೆಗೆ ಅವೇ ಕಿವಿಗಳ ಸಾರು.
ವಿಲ್ಮರ್ ಬಿದ್ದು ಬಿದ್ದು ನಕ್ಕ. ನನಗೆ ಆಗಲಿಲ್ಲ.

ಬೀದಿಯೆಲ್ಲ ಅವನ ಕಿವಿಯ ಮಾತೇ ಆಡಿತ್ತು;
ಕೊನೆಗೆ ಕಿವಿಗೊಟ್ಟದ್ದು
ಅವನದೇ ಪಕ್ಕೆಲುಬು.

"ಇದರಲ್ಲಿ ಕೇಳಿಸುವುದಿಲ್ಲ ಮರಿ,
ಒಳಗೆ ದಾರಿಯೇ ಇಲ್ಲ."
"ಗೊತ್ತು," ಅಂದ. "ಅದಕ್ಕಲ್ಲ."

ಇವತ್ತು ಬ್ಯಾಂಡೇಜ್ ಬಿಚ್ಚಿದರು. ಕೆಂಪು, ಊತ.
ಕಿವಿ ಇನ್ನೂ ತಲೆಗೆ ಅಂಟಿಯೇ ಇದೆ,
ಹಿಂದೆ ಸಂದು ಬಿಡಿಸಲು ಆರು ತಿಂಗಳಂತೆ.
ಅಪ್ಪನ ಬಡಗಿಪೆಟ್ಟಿಗೆಯಿಂದ
ಚಪ್ಪಟೆ ಪೆನ್ಸಿಲೊಂದನ್ನು ಕದ್ದು ತಂದು
ಈಗಲೇ ಚೂಪು ಮಾಡಿ ಇಟ್ಟುಕೊಂಡಿದ್ದಾನೆ.