ಹಾಳೆಯ ಬೆನ್ನು

ಸೋಮವಾರ ಬೆಳಿಗ್ಗೆ ತ್ಬಿಲಿಸಿಯಿಂದ ಸುತ್ತೋಲೆ ಬಂತು:
ಕಾಗದ ಉಳಿಸಿ.
ಹನ್ನೆರಡು ಹಾಳೆ, ಒಂದೇ ಮಗ್ಗುಲಿಗೆ ಅಚ್ಚು,
ತಲೆಗೊಂದು ಪ್ರತಿ,
ಮೂಲೆಯಲ್ಲಿ ಹಸಿರು ಎಲೆಯ ಚಿತ್ರ.

ಕುತೈಸಿಯ ಜನನ ಮರಣ ಕಚೇರಿಯಲ್ಲಿ ನಾವು ಒಂಬತ್ತು ಜನ.
ಎಂಟು ಜನ ನಕ್ಕೆವು.
ಲಮಾರಾ ನಗಲಿಲ್ಲ.
ಒಂಬತ್ತೂ ಪ್ರತಿ ಒಟ್ಟು ಮಾಡಿ ಪಿನ್ನು ಕಿತ್ತು
ಹಳೆಯ ಹಲ್ವಾ ಡಬ್ಬಿಗೆ ಹಾಕಿದಳು.
ಮರದ ಅಳತೆಪಟ್ಟಿ ಒತ್ತಿ ಹಿಡಿದು ಹರಿದಳು.
ಕತ್ತರಿ ಅವಳಿಗೆ ಆಗದು,
"ಕತ್ತರಿ ಅವಸರದವರಿಗೆ" ಅನ್ನುತ್ತಾಳೆ.
ಒಂದು ಹಾಳೆ ನಾಲ್ಕಾಗಿ,
ದಬ್ಬಳದಲ್ಲಿ ಮೂರು ತೂತು, ಗೋಣಿದಾರದ ಹೊಲಿಗೆ.
ಹನ್ನೊಂದರ ಕಾಫಿ ಹೊತ್ತಿಗೆ
ಸುತ್ತೋಲೆ ಚೀಟಿಪುಸ್ತಕವಾಗಿ ನಮ್ಮ ಮುಂದೆ ಕೂತಿತ್ತು,
ಬೆನ್ನು ಮೇಲೆ ಮಾಡಿ.

ನನ್ನದನ್ನು ತಿರುವಿದರೆ ಅರ್ಧ ವಾಕ್ಯ:
"ವ್ಯರ್ಥವಾಗದಂತೆ ಪ್ರತಿಯೊಬ್ಬರೂ ಎಚ್ಚರ ವಹಿ"
ಉಳಿದದ್ದು ತೆಮೂರಿಯ ಹತ್ತಿರ ಇದೆ.
ಅದರ ಬೆನ್ನಿಗೆ ಅವನು ಚೀಸ್ ರೊಟ್ಟಿಯ ಸಾಲ ಬರೆದಿದ್ದಾನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ನಾಚಿಕೆ.
ಬಂದ ಲಕೋಟೆ ಬಿಚ್ಚಿ ಒಳಗು ಹೊರಗು ಮಾಡಿ ಮತ್ತೆ ಅಂಟಿಸುವುದು,
ಕಾರ್ಬನ್ ಹಾಳೆಯನ್ನು ಕಿಟಕಿಗೆ ಹಿಡಿದು
ಕಪ್ಪು ಇನ್ನೂ ಎಲ್ಲೆಲ್ಲಿ ಉಳಿದಿದೆ ಎಂದು ಹುಡುಕುವುದು,
ಉಗುರುದ್ದದ ಪೆನ್ಸಿಲ್ಲಿಗೆ ಜೊಂಡಿನ ಕೊಳವೆ ತೊಡಿಸುವುದು.
ಜಿಪುಣಿ ಅಂದಿದ್ದೆ, ಬೆನ್ನ ಹಿಂದೆ.
ಬೆನ್ನ ಹಿಂದಿನದೆಲ್ಲ ಅವಳಿಗೆ ತಿಳಿಯುತ್ತದೆ,
ಅವಳ ಕಸುಬೇ ಅದು.

ಒಂದು ಕಟ್ಟಳೆ ಮಾತ್ರ ಮುರಿಯುವಂತಿಲ್ಲ:
ಕೆಟ್ಟುಹೋದ ಮದುವೆ ಅರ್ಜಿಗಳ ಹಿಂದೆ
ಸಾವು ಬರೆಸಲು ಬಂದವರ ಸರದಿ ಸಂಖ್ಯೆ ಕೊಡಬಾರದು.
ಅವರಿಗೆ ಕ್ಯಾಲೆಂಡರ್ ಹಾಳೆ.
"ಹೋದ ತಿಂಗಳು ಯಾರನ್ನೂ ನೋಯಿಸದು."

ಅಕ್ಟೋಬರಿನಲ್ಲಿ ನನ್ನನ್ನು ನೆಲಮಾಳಿಗೆಗೆ ಹಾಕಿದರು,
ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲು.
ರಿಯೋನಿ ನದಿಯ ತೇವ ಅಲ್ಲಿನ ಗೋಡೆಯಲ್ಲಿದೆ.
ತೊಂಬತ್ತಮೂರರ ಕಟ್ಟು ಬಂದಾಗ
ಹಾಳೆಗಳು ಒರಟು, ಒಂದರಂತೆ ಒಂದಿಲ್ಲ.
ಡಿಸೆಂಬರ್, ಹೆಣ್ಣು, ಥೇಯೋನಾ,
ಅಪ್ಪನ ಹೆಸರು, ಅಮ್ಮನ ಹೆಸರು.
ನಾನು.
ಅಕ್ಷರ ಲಮಾರಾಳದು. ಇಪ್ಪತ್ತೈದರ ಲಮಾರಾ,
ಮೇಣದಬತ್ತಿಯ ಒಂದು ತೊಟ್ಟು ನನ್ನ ಹೆಸರಿನ ಪಕ್ಕ.

ತಿರುವಿದೆ.
ರಷ್ಯನ್ ಲಿಪಿ, ಚಹಾ ಕಾರ್ಖಾನೆಯ ಮೊಹರು:
ಹಸಿರೆಲೆ, ಮೊದಲ ಕೊಯ್ಲು,
ಹದಿನೇಳು ಕಿಲೋ ನಾನೂರು.
ಕೊಯ್ದವಳು ವೆನೇರಾ.
ಸಹಿ ಇರಬೇಕಾದಲ್ಲಿ ಹೆಬ್ಬೆರಳಿನ ಹಸಿರು ಕಲೆ.

ಮಹಡಿ ಹತ್ತಿ ಕೇಳಿದೆ.
ಲಮಾರಾ ದಾರಕ್ಕೆ ಮೇಣ ಉಜ್ಜುತ್ತಿದ್ದಳು, ತಲೆ ಎತ್ತಲಿಲ್ಲ.
"ಆ ಚಳಿಗಾಲ ಕಾಗದ ಇರಲಿಲ್ಲ. ಮಕ್ಕಳು ಇದ್ದರು.
ಕಾರ್ಖಾನೆಗೆ ಬೀಗ ಬಿದ್ದಿತ್ತು, ಕಿಟಕಿ ಇತ್ತು.
ಎರಡು ಚೀಲ ಹೊತ್ತು ತಂದೆ.
ದಾರಿಯಲ್ಲಿ ಒಬ್ಬ ಒಲೆಗೆ ಬೇಕೆಂದು ಅಡ್ಡಗಟ್ಟಿದ,
ಅರ್ಧ ಚೀಲ ಕೊಟ್ಟೆ.
ಅವನ ಮನೆಯಲ್ಲೂ ಮಗುವಿತ್ತು."
ಆಮೇಲೆ, ಸೂಜಿಯ ಕಣ್ಣು ಬೆಳಕಿಗೆ ಹಿಡಿದು:
"ಸ್ವಲ್ಪ ಪೋಣಿಸಿಕೊಡು. ನನಗೀಗ ಕಾಣುವುದಿಲ್ಲ."

ಪೋಣಿಸಿಕೊಟ್ಟು ಕೆಳಗಿಳಿದೆ.
ಯಂತ್ರ ಕೇಳಿತು: ಒಂದು ಬದಿಯೋ, ಎರಡೋ?
ನಿಯಮ ಒಂದು ಎನ್ನುತ್ತದೆ.
ಎರಡು ಒತ್ತಿದೆ.

ವೆನೇರಾ ಯಾರೋ, ಇದ್ದಾಳೋ ಇಲ್ಲವೋ.
ಕಂಪ್ಯೂಟರಿನಲ್ಲಿ ಅವಳಿಗೊಂದು ಅಂಕಣವಿಲ್ಲ.
ಹದಿನೇಳು ಕಿಲೋ ನಾನೂರು ಎಲೆ ಹೊತ್ತುಕೊಂಡು
ನನ್ನ ಬೆನ್ನಿಗಿದ್ದಾಳೆ.