ಸೊನ್ನೆಯ ದಿನ

ಎಂಬತ್ತು ಅಂಗಿ ಉಳಿದಿದ್ದವು ಆ ಸಂಜೆ,
ಇಸ್ತ್ರಿಯ ಇದ್ದಿಲು ಇನ್ನೂ ಕೆಂಪಗಿತ್ತು.
ಕೋಥ್ರೂಡಿನ ಸೊಸೈಟಿಯ ಪಾರ್ಕಿಂಗಿನಲ್ಲಿ ನನ್ನ ಗಾಡಿ,
ಗಾಡಿಯ ಕೆಳಗೆ ಶಾಲೆಯ ಚೀಲ, ಚೀಲಕ್ಕೊರಗಿ ಕಸ್ತೂರಿ.

"ಅವ್ವಾ, ಛತ್ರಿ ಮರಿ ಹಾಕೇತಿ" ಅಂದಳು.

ಪೆಂಡಸೆ ಸಾಹೇಬರ ಮಡಿಸಿಟ್ಟ ಕರವಸ್ತ್ರದೊಳಗೆ
ಹೆಬ್ಬೆಟ್ಟಿನಷ್ಟು ಮೈ, ಒದ್ದೆ ಮೂಗು,
ಮುದುಡಿದ ಕರಿ ರೆಕ್ಕೆ.
ಪೈಪಿನ ಸಂದಿಯಿಂದ ಬಿದ್ದಿತ್ತಂತೆ.
ನಾನು ಕೈ ಚಾಚುವಷ್ಟರಲ್ಲಿ
ಕರವಸ್ತ್ರ ಕೆಳಗೆ, ಅದು ಮೇಲೆ,
ಗುಲ್‌ಮೊಹರ್ ದಾಟಿ ಕತ್ತಲೊಳಗೆ ಕತ್ತಲಾಗಿ.

ಕಚ್ಚಿತೇನೆ?
ಇಲ್ಲ, ಮುದ್ದು ಕೊಡ್ತು.
ಎಲ್ಲಿ?
ಬಲಗೈ ಕಿರುಬೆರಳು ತೋರಿಸಿದಳು.
ಬೆಳಕಿಗೆ ಹಿಡಿದರೆ ಏನೂ ಇಲ್ಲ.
ಓರೆ ಮಾಡಿದರೆ, ಗುಂಡುಸೂಜಿಯೊಂದು
ಚುಚ್ಚಲು ಹೋಗಿ ಮನಸ್ಸು ಬದಲಿಸಿದಂಥ
ಒಂದು ಚುಕ್ಕೆ.

ಮೂರನೇ ಮಹಡಿಯಿಂದ ಪೆಂಡಸೆ ಬಾಯಿ ಇಳಿದು ಬಂದರು.
ಮೂವತ್ತು ವರ್ಷ ನರ್ಸಾಗಿದ್ದವರು,
ಬಕೆಟ್ ನೀರಿಗೂ ಲೆಕ್ಕ ಕೇಳುವವರು.
ಅವರೇ ನಲ್ಲಿಯನ್ನು ಪೂರ್ತಿ ತಿರುಗಿಸಿದರು.
"ಸಾಬಣ್ ಆಣ್" ಅಂದರು.
ಹದಿನೈದು ನಿಮಿಷ, ಗಡಿಯಾರ ನೋಡಿಕೊಂಡು,
ಕೊಂಡು ತಂದ ಟ್ಯಾಂಕರಿನ ನೀರು
ನನ್ನ ಮಗಳ ಬೆರಳ ಮೇಲೆ ಹರಿಯಿತು.
ವಾಚ್‌ಮನ್ ಬಂದ, ಅವರ ಮುಖ ನೋಡಿದ, ಹೋದ.

ಸಸೂನ್ ಆಸ್ಪತ್ರೆಯ ಸಾಲಿನಲ್ಲಿ ಎಲ್ಲರದೂ ನಾಯಿ.
ಮೊಣಕಾಲು, ಮೀನಖಂಡ, ಸೀರೆಯ ಹರಿದ ಅಂಚು,
ತೋರಿಸಲು ಎಲ್ಲರ ಬಳಿಯೂ ಏನಾದರೊಂದು ಇತ್ತು.
"ಕುತ್ರಾ?" ಎಂದ ಗುಮಾಸ್ತ, ತಲೆ ಎತ್ತದೆ.
ಬಾವಲಿ ಅಂದೆ. ಅವನಿಗೆ ತಿಳಿಯಲಿಲ್ಲ.
ನನ್ನ ಹನ್ನೊಂದು ವರ್ಷದ ಮರಾಠಿಗೆ
ಆ ಒಂದು ಪ್ರಾಣಿ ಬೇಕಾಗಿರಲೇ ಇಲ್ಲ.
ಸೆರಗನ್ನು ಎರಡೂ ಕೈಗೆ ಹರವಿ ಪಟಪಟ ಬಡಿದೆ.
ಸಾಲು ನಕ್ಕಿತು, ಕಸ್ತೂರಿ ಎಲ್ಲರಿಗಿಂತ ಹೆಚ್ಚು ನಕ್ಕಳು,
ಸಾಕಾದ ಮೇಲೆ ಶಾಲೆಯ ಮರಾಠಿಯಲ್ಲಿ ಹೇಳಿದಳು:
ವಟವಾಘೂಳ.

ನಾಯಿ, ಬೆಕ್ಕು, ಮಂಗ, ಎಲ್ಲಕ್ಕೂ ಮನೆಯಿದ್ದ ಆ ಪುಸ್ತಕದಲ್ಲಿ
ಅವನು 'ಇತರೆ' ಎಂಬಲ್ಲಿ ಗೀಟು ಹಾಕಿದ.
ಆ ಮನೆ ನಮಗೆ ಹೊಸದಲ್ಲ.

ಡಾಕ್ಟರಮ್ಮ ಚುಕ್ಕೆಯನ್ನು ತುಂಬ ಹೊತ್ತು ನೋಡಿದರು.
ಅದಕ್ಕೆ ರೋಗವಿತ್ತೇ, ಕೇಳಿದೆ.
ಬಾವಲಿಯನ್ನೇ ಕೇಳಬೇಕು, ಅದು ಹಾರಿಹೋಗಿದೆ ಅಂದರು.
ಇಲ್ಲದಿರಬಹುದು.
ಇದ್ದರೆ, ರೋಗ ಬಾಯಿಬಿಟ್ಟ ಮೇಲೆ ನಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.
ಚುಕ್ಕೆಯ ಸುತ್ತ ಒಂದು ಔಷಧ, ಎರಡೂ ತೋಳಿಗೆ ಲಸಿಕೆ.
ಕಾರ್ಡಿನಲ್ಲಿ ಬರೆದರು:
ಸೊನ್ನೆ, ಮೂರು, ಏಳು, ಇಪ್ಪತ್ತೆಂಟು.

ಕೂಲಿಯ ಲೆಕ್ಕದಲ್ಲಿ ದಿನ ಒಂದರಿಂದ ಶುರು.
ಇಲ್ಲಿ ಸೊನ್ನೆಗೂ ಸೂರ್ಯ ಹುಟ್ಟಿ ಮುಳುಗಿದ.

ಮನೆಯ ಗೋಡೆಗೆ ಇದ್ದಿಲಿನಲ್ಲಿ ನಾಲ್ಕನ್ನೂ ಬರೆದೆ.
ಮೂರು, ಏಳು ಬೇಗ ಬಂದವು, ಹೊಡೆದುಹಾಕಿದೆ.
ಏಳರಿಂದ ಇಪ್ಪತ್ತೆಂಟಕ್ಕೆ ಬಹಳ ದೂರ.
ನಡುವೆ ಮದುವೆಯ ಸೀಸನ್ನು, ನಾನು ಸುಟ್ಟ ಒಂದು ಶೇರ್ವಾನಿ,
ಅದರ ದಂಡ.
ಚುಕ್ಕೆ ಮಾಯವಾಯಿತು. ಹುಡುಗಿ ಕುಂಟಾಬಿಲ್ಲೆಗೆ ನಿಂತಳು.
"ಜಿಗಿದಾಡಾಕ ಹತ್ಯಾಳ,
ಮತ್ಯಾಕ ಒಂದು ದಿನದ ಗಳಿಕಿ ಕಳೀತಿ?" ಅಂದರು ಇವರು.

ನಾನು ಜಗಳಾಡಲಿಲ್ಲ.
"ನಿಮ್ಮ ಸಣ್ಣಪ್ಪನ ಮಗ ಯಮನೂರ, ತಂಬಿಗಿ ನೀರು" ಅಂದೆ, ಅಷ್ಟೇ.

ಹನ್ನೆರಡರ ಹುಡುಗ.
ನಾಯಿಮರಿ ಬರೇ ಗೀರೇತಿ ಅಂದಿದ್ದರು ಊರವರೆಲ್ಲ.
ನಾಲಿಗೆ ಒಣಗಿ, ತಂಬಿಗೆ ಕಂಡರೆ
ಗೋಡೆಗೆ ಮುಖ ತಿರುಗಿಸುತ್ತಿದ್ದ.

ಇವರು ಎದ್ದು ಚಪ್ಪಲಿ ಹುಡುಕಿದರು.

ಕೊನೆಯ ಸೂಜಿಗೆ ಕಸ್ತೂರಿ ಅಳಲಿಲ್ಲ.
ವಾಪಸು ಬರುವ ಬಸ್ಸಿನಲ್ಲಿ ನೀರು ಕೇಳಿದಳು.
ಬಾಟಲಿ ಎತ್ತಿ ಗಟಗಟ ಕುಡಿದಳು,
ಕುತ್ತಿಗೆ, ಯೂನಿಫಾರ್ಮು, ಪಕ್ಕದವರ ಚೀಲ, ಎಲ್ಲದರ ಮೇಲೂ ಚೆಲ್ಲಿಕೊಂಡು.
ಬಯ್ಯಲಿಲ್ಲ ನಾನು.
ಒಬ್ಬರು ನೀರು ಕುಡಿಯುವುದನ್ನು
ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ.