ಎಡಗಡೆ, ಮೂರನೇ ಸಾಲು

ವರ್ಷಕ್ಕೆ ಎರಡು ಸಲ, ಸೆಪ್ಟೆಂಬರಿನಲ್ಲಿ ಮತ್ತು ಮಾರ್ಚಿನಲ್ಲಿ,
ನಮ್ಮ ಪುಸ್ತಕದ ದೋಣಿ ಆ ದ್ವೀಪಕ್ಕೆ ತಾಗುತ್ತಿತ್ತು.
ಹನ್ನೊಂದು ಮನೆ, ಒಂದು ಮೀನಿನ ಗೋದಾಮು,
ನಾರ್ವೆಯ ನಕಾಶೆಯಲ್ಲಿ ನೊಣ ಕೂತು ಎದ್ದುಹೋದಷ್ಟು ಜಾಗ.
ಹಗ್ಗ ಕಟ್ಟುವ ಮೊದಲೇ ದಡದಲ್ಲಿ ಬೋರ್ಗ್ನಿ,
ಬಲೆ ಹೊಲಿದು ಒರಟಾದ ಕೈಯಲ್ಲಿ ಚೀಲ.
"ಹೊಸ ದೆವ್ವ ಯಾವುದು ಬಂದಿದೆ?"
ಅದೇ ಅವಳ ನಮಸ್ಕಾರ.

ಎಡಗಡೆ, ಮೂರನೇ ಸಾಲು. ನಾನು ತೋರಿಸಬೇಕಾಗಿರಲಿಲ್ಲ.
ಅಲೆಗೆ ಪುಸ್ತಕ ಬೀಳದಿರಲೆಂದು ಅಡ್ಡ ಹಾಕಿದ ಮರದ ಪಟ್ಟಿಯನ್ನು
ತಾನೇ ಬಿಚ್ಚಿ ಐದು ಆರಿಸುವಳು, ಆರನೆಯದಕ್ಕೆ ಜಗಳ.
ಸಾದಾ ದೆವ್ವ ಅವಳಿಗೆ ಸಾಲದು.
ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ ಬೇಕು,
ಬೀಗ ಹಾಕಿದ ಕೋಣೆಯಲ್ಲಿ ಕೆಮ್ಮು ಬೇಕು.
"ಅಸ್ಲಾಕನಿಗೆ ಓದಿ ಹೇಳುತ್ತೇನೆ,
ಹೊದಿಕೆಯೊಳಗೆ ಕಾಲು ಎಳೆದುಕೊಳ್ಳುತ್ತಾನೆ, ಆರಡಿ ಗಂಡಸು!"
ಒಮ್ಮೆ ಪುಟಗಳ ನಡುವೆ ಒಣಗಿದ ಮೀನಿನ ಹುರುಪೆ ಸಿಕ್ಕಿತ್ತು.
ತೆಗೆಯಲಿಲ್ಲ ನಾನು.

ಆಮೇಲೆ ಒಂದು ಫೆಬ್ರವರಿ.
ಅಸ್ಲಾಕನ ದೋಣಿ ಸಿಕ್ಕಿತು, ಎಂಜಿನ್ ಓಡುತ್ತಲೇ ಇತ್ತು,
ಥರ್ಮಾಸಿನಲ್ಲಿ ಅರ್ಧ ಕಾಫಿ, ಇನ್ನೂ ಬಿಸಿ.
ಅಷ್ಟೇ ಸಿಕ್ಕಿದ್ದು.

ಮಾರ್ಚಿನಲ್ಲಿ ಅವಳು ಎಲ್ಲರಿಗಿಂತ ಕೊನೆಗೆ ಹತ್ತಿದಳು.
ಐದೂ ಪುಸ್ತಕ ಮೇಜಿನ ಮೇಲಿಟ್ಟಳು,
ಒಂದರ ಅರವತ್ತೊಂದನೇ ಪುಟದಲ್ಲಿ ನೂಲಿನ ಎಳೆ.
ಎಡಗಡೆ ತಿರುಗಲಿಲ್ಲ.
ಇಪ್ಪತ್ತು ವರ್ಷ ಈ ಕರಾವಳಿಯಲ್ಲಿ
ಯಾರಿಗೆ ಯಾವುದು ಎಂದು ಊಹಿಸಿಯೇ ಉಂಡವನು ನಾನು.
ಪಾದ್ರಿಗೆ ಪತ್ತೇದಾರಿ,
ಫೋನ್ ರಿಪೇರಿಯವನಿಗೆ ಪ್ರೇಮದ ಕಾದಂಬರಿ, ಅದೂ ಪತ್ರಿಕೆಯಲ್ಲಿ ಸುತ್ತಿ.
ಹೆದರಿದವರ ಮೇಲೆ ಹಾವು ಎಸೆಯಬಾರದು ಎಂದು
ಅಡುಗೆ ತೋರಿಸಿದೆ, ಹೆಣಿಗೆ ತೋರಿಸಿದೆ.
ಅವಳು ಜೇನುಸಾಕಣೆಯದೊಂದು ಎತ್ತಿಕೊಂಡಳು,
ಒಂದು ಜೇನೂ ಹಾರದ ಆ ದ್ವೀಪಕ್ಕೆ.
ಮೂರನೇ ಸಾಲಿನ ಮುಂದೆ ನನ್ನ ಕೋಟು ನೇತುಹಾಕಿದೆ,
ಮರೆಯಾಗಿರಲಿ ಎಂದು.

ಮೂರು ಸಲ ಅದೇ ಜೇನನ್ನು ಮತ್ತೆ ಬರೆಸಿಕೊಂಡಳು.
ನಾಲ್ಕನೇ ಸಲ ಗಾಳಿ ಎದ್ದಿತು, ದೋಣಿ ಬಿಡುವಂತಿರಲಿಲ್ಲ.
ಕಾಫಿ ಕೊಟ್ಟೆ. ಕೋಟಿನ ಕಡೆ ನೋಡಿ ಅಂದಳು:

"ನನಗೆ ಹೆದರಿಕೆ ಅಂತ ತಿಳಿದೆಯಾ?
ಹೆದರಿಕೆ ಆಗಲಿ ಅಂತಲೇ ಎರಡು ಚಳಿಗಾಲ
ಬಾಗಿಲಿಗೆ ಅಗುಳಿ ಹಾಕಲಿಲ್ಲ ನಾನು.
ಮುಳುಗಿದವರು ಅರ್ಧ ದೋಣಿಯಲ್ಲಿ ಹುಟ್ಟು ಹಾಕುತ್ತಾ ಬರುತ್ತಾರೆ,
ಅಜ್ಜಿ ಹೇಳುತ್ತಿದ್ದಳು.
ಅರ್ಧ ದೋಣಿಯಲ್ಲಾದರೂ ಬರಲಿ ಅಂತ ದಡಕ್ಕೂ ಹೋಗಿ ನಿಂತೆ.
ಮೆಟ್ಟಿಲ ಮೇಲೆ ಹಿಟ್ಟು ಚೆಲ್ಲಿದೆ (ಯಾರಿಗೂ ಹೇಳಬೇಡ),
ಬೆಳಿಗ್ಗೆ ನಾನೇ ಗುಡಿಸಿದೆ, ಚೆಲ್ಲಿದ ಹಾಗೇ ಇತ್ತು.
ನಿನ್ನ ಪುಸ್ತಕಗಳಲ್ಲಿ ಎಲ್ಲರೂ ಬರುತ್ತಾರೆ.
ಉಂಗುರಕ್ಕೆ ಬರುತ್ತಾರೆ, ಇನ್ನೂರು ವರ್ಷದ ಸೇಡಿಗೆ ಬರುತ್ತಾರೆ,
ಒಬ್ಬ ಕೋಟಿನ ಗುಂಡಿಗೆ ಬಂದಿದ್ದ, ನೆನಪಿದೆಯಾ?
ಇವನಿಗೆ ಅರ್ಧ ಕಾಫಿಯೂ ಸಾಲಲಿಲ್ಲ.
ಎಲ್ಲ ಸುಳ್ಳು ಅಂತ ಮೊದಲೇ ಗೊತ್ತಿತ್ತು.
ಆಗ, ಸುಳ್ಳು ಅಂತಲೇ ರುಚಿ."

ಹೊರಗೆ ಹಗ್ಗ ಕಂಬಕ್ಕೆ ಬಡಿಯುತ್ತಿತ್ತು, ಟಕ್, ಟಕ್.
ಇಬ್ಬರೂ ಕಿವಿಗೊಟ್ಟೆವು.
ಅದು ಹಗ್ಗ ಎಂದು ಇಬ್ಬರಿಗೂ ಗೊತ್ತಿತ್ತು.

ಗಾಳಿ ತಗ್ಗಿದ ಮೇಲೆ ಎದ್ದಳು, ನನ್ನ ಕೋಟನ್ನು ಸರಿಸಿದಳು.
ಹೊರಚಾಚಿದ್ದ ಒಂದನ್ನು ಹೆಬ್ಬೆರಳಿನಿಂದ ಒಳಗೆ ತಳ್ಳಿ
"ಇದರಲ್ಲಿ ಮೊದಲು ನಾಯಿಗೆ ಗೊತ್ತಾಗುತ್ತದೆ," ಅಂದಳು.
ಪಟ್ಟಿಯನ್ನು ಮತ್ತೆ ಅಡ್ಡ ಹಾಕಿದಳು,
ಜೇನಿನ ಪುಸ್ತಕ ಕಂಕುಳಲ್ಲಿ ಇರುಕಿಕೊಂಡಳು.
"ನಮ್ಮ ನಾಯಿ ರಾತ್ರಿಯಿಡೀ ಚೆನ್ನಾಗಿ ನಿದ್ದೆ ಮಾಡುತ್ತದೆ."